ಎರೆಯ ನಾಡಿನ ಹತ್ತಿಯೂ ಮುಂಬಯಿಯ ಷೇರುಪೇಟೆಯೂ

ಷೇರುಪೇಟೆ ಬಿದ್ದಿತು, ಮತ್ತೆ ಎದ್ದಿತು ಎಂದು ವೃತ್ತಪತ್ರಿಕೆಗಳಲ್ಲಿ ಓದುತ್ತೇವೆ. ಬಿದ್ದುದೇ ಎದ್ದಿತೋ, ಬಿದ್ದುದರ ಸ್ಥಳದಲ್ಲಿ ಬೇರೊಂದು ಎದ್ದು ನಿಂತಿತೋ ಎಂಬುದನ್ನು ವಿಚಾರಿಸುವವರು ವಿರಳ. ಇದನ್ನು ತಿಳಿಯಲು ನಾವು ನ್ಯೂಯಾರ್ಕಿನಿಂದ ಹೊರಡಬೇಕಾಗಿಲ್ಲ. ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಿಂದಲೇ ಹೊರಡಬಹುದು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು. ಉತ್ತರದವರ ನೌಕಾಬಲವು ದಕ್ಷಿಣದ ಬಂದರುಗಳನ್ನು ಮುತ್ತಿತು; ಲ್ಯಾಂಕಷೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಲ್ಲತೊಡಗಿದವು. ಆಗ ಇಂಗ್ಲೆಂಡಿನ ಕಣ್ಣು ಮುಂಬಯಿಯ ಮೇಲೂ, ಮುಂಬಯಿಯ ಕಣ್ಣು ಧಾರವಾಡ ಸೀಮೆಯ ಮೇಲೂ ಬಿದ್ದಿತು. ಇಲ್ಲಿ ನಾಡಹತ್ತಿಯೊಡನೆ ಅಮೆರಿಕದ ಬೀಜದಿಂದ ಬೆಳೆದ ‘ಧಾರವಾಡ-ಅಮೆರಿಕನ್’ ಹತ್ತಿಯೂ ಆ ವೇಳೆಗೆ ನೆಲೆಯೂರಿತ್ತು. ರೈಲು ಬಂದಿರಲಿಲ್ಲ. ಹತ್ತಿಯ ಅಂಡಿಗೆಗಳು ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯನ್ನು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದವು. ಆದುದರಿಂದಲೇ ನಾಡಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರು. ಬೆಳೆದ ಊರಿನ ಹೆಸರು ಮರೆಯಾಯಿತು, ಹಡಗು ಹತ್ತಿದ ಊರಿನದು ಉಳಿಯಿತು!

ಬೆಲೆ ಹಲವು ಪಟ್ಟು ಏರಿತು. 1858ರಲ್ಲಿ ತನ್ನ ಅರಸನನ್ನು ಕಳೆದುಕೊಂಡಿದ್ದ ನರಗುಂದದ ಸೀಮೆಗೂ ಬೆಳ್ಳಿ ಹರಿಯಿತು. ಆದರೆ ಮುಂಬಯಿಯಲ್ಲಿ ಶೇಖರವಾದ ಹಣವು ಹತ್ತಿಯಲ್ಲಿಯೇ ನಿಲ್ಲಲಿಲ್ಲ. ಬ್ಯಾಂಕುಗಳ ಷೇರುಗಳಿಗೂ, ಸಮುದ್ರವನ್ನು ತುಂಬಿ ನೆಲ ಮಾಡುವೆವೆಂದ ಕಂಪೆನಿಗಳ ಷೇರುಗಳಿಗೂ ಅದು ನುಗ್ಗಿತು. ಪ್ರೇಮಚಂದ ರಾಯಚಂದರ ಮಾತೇ ಪೇಟೆಗೆ ಶಾಸನವಾಯಿತು. 1865ರ ಏಪ್ರಿಲಿನಲ್ಲಿ ಅಮೆರಿಕದ ದಕ್ಷಿಣದವರು ಶರಣಾದರು. ಹತ್ತಿಯ ಧಾರಣೆ ಕುಸಿಯಿತು. ಜುಲೈ 1ರಂದು ವಾಯಿದೆಯ ಲೆಕ್ಕ ತೀರಿಸಬೇಕಾಗಿತ್ತು. ಕೊಡಬೇಕಾದವರ ಕೈ ಬರಿದಾಗಿದ್ದಿತು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87ಕ್ಕೆ ಇಳಿಯಿತು.

ಚೇತರಿಕೆಯಾದುದು ಹೇಗೆ? ಹಳೆಯ ಬ್ಯಾಂಕು 1868ರಲ್ಲಿ ಮುಚ್ಚಿ, ಅದೇ ವರ್ಷ ಹೊಸ ಬ್ಯಾಂಕು ಹುಟ್ಟಿತು. ದಲ್ಲಾಳಿಗಳು 1875ರಲ್ಲಿ ತಮ್ಮ ಸಂಘವನ್ನು ಕಟ್ಟಿಕೊಂಡರು. ಇಂದಿನ ಮುಂಬಯಿ ಷೇರುಪೇಟೆಯ ಮೂಲ ಅದೇ. ಸಮುದ್ರ ತುಂಬುವ ಕನಸಿನ ಷೇರುಗಳ ಸ್ಥಾನವನ್ನು ನೂಲಿನ ಗಿರಣಿಗಳ ಷೇರುಗಳು ಪಡೆದವು. ಪೇಟೆ ಬದುಕಿತು, ಆದರೆ ಹಳೆಯ ಷೇರುದಾರನ ಹಣ ಮರಳಲಿಲ್ಲ. ಇವೆರಡನ್ನೂ ಒಂದೇ ಎಂದು ಎಣಿಸುವ ವಾಡಿಕೆಯನ್ನು ನಾವು ಒಪ್ಪಲಾರೆವು.

ಕಾಲದ ಅಳತೆಯೂ ಒಂದೇ ತೆರನಲ್ಲ. 1929ರಲ್ಲಿ ಬಿದ್ದ ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕವು ಹಿಂದಿನ ಎತ್ತರವನ್ನು ಮುಟ್ಟಿದ್ದು 1954ರಲ್ಲಿ. ಜಪಾನಿನ ನಿಕ್ಕೈ 1989ರ ಎತ್ತರವನ್ನು ದಾಟಿದ್ದು 2024ರಲ್ಲಿ. 2008ರ ಜನವರಿಯಲ್ಲಿ 21,000ವನ್ನು ಮುಟ್ಟಿ ಕುಸಿದ ಮುಂಬಯಿಯ ಸೆನ್ಸೆಕ್ಸ್ ಮಾತ್ರ 2010ರ ನವೆಂಬರಿನಲ್ಲಿಯೇ ಅಲ್ಲಿಗೆ ಮರಳಿತು.

ಎರೆಯ ನಾಡಿನ ಪಂಚಾಂಗವೇ ಬೇರೆ. ಧಾರಣೆ ಇಳಿದ ಬಳಿಕವೂ ಸಾಹುಕಾರನ ಬಡ್ಡಿ ಇಳಿಯಲಿಲ್ಲ. ದಲ್ಲಾಳಿಗಳ ಸಂಘವು ಹುಟ್ಟಿದ ಮರುವರ್ಷವೇ, 1876ರಲ್ಲಿ, ಮಹಾಕ್ಷಾಮವು ಈ ಸೀಮೆಯನ್ನು ಹಿಡಿಯಿತು. 1880ರ ದಶಕದಲ್ಲಿ ರೋಣದ ಸೀಮೆಯ ಹೊಳೆಆಲೂರಿನ ಮೇಲೆ ರೈಲು ಬಂದಿತು. ಹತ್ತಿಗೆ ಘಟ್ಟದ ದಾರಿ ತಪ್ಪಿತು. ಸಾಲದ ದಾರಿ ತಪ್ಪಿಸುವ ಯತ್ನಕ್ಕೆ ಇನ್ನೂ ಕಾಲ ಹಿಡಿಯಿತು. ಮುಂಬಯಿಯ ಆ ಜುಲೈ ಕಳೆದು 40 ವರ್ಷಗಳಾದ ಮೇಲೆ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘವನ್ನು ತೆರೆದರು. ಮುಂದಿನ ದಶಕದಲ್ಲಿ ಹುಬ್ಬಳ್ಳಿ, ಗದಗುಗಳಲ್ಲಿ ಬೆಳೆದವರೇ ಸೇರಿ ತಮ್ಮ ಹತ್ತಿಯನ್ನು ಮಾರುವ ಸಂಘಗಳೂ ಹುಟ್ಟಿದವು.