ಹಂದಿಯ ಕಣ್ಣನ್ನು ಮನುಷ್ಯರಿಗೆ ಜೋಡಿಸುತ್ತಾರೆಯೇ?

‘ಹಂದಿ ಕಣ್ಣಿನಿಂದ ಅಂಧರಿಗೆ ದೃಷ್ಟಿ ಬಂತು, ಇನ್ನು ನೇತ್ರದಾನ ಬೇಕಿಲ್ಲ’ ಎಂಬ ಫಾರ್ವರ್ಡ್ ಅನ್ನು ಮೈಸೂರಿನ ಜಯಲಕ್ಷ್ಮಿಪುರಂ ಓದುಗರೊಬ್ಬರು ನಮಗೆ ಕಳುಹಿಸಿದ್ದಾರೆ. ಇದು ಅರ್ಧ ಸತ್ಯ.

ಬಳಸಿದ್ದು ಹಂದಿಯ ಕಣ್ಣಲ್ಲ, ಅದರ ಚರ್ಮದಿಂದ ತೆಗೆದು ಶುದ್ಧೀಕರಿಸಿದ ಕೊಲಾಜನ್ ಎಂಬ ಪ್ರೋಟೀನ್. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಅದರಿಂದ ಪಾರದರ್ಶಕ ಪದರ ತಯಾರಿಸಿದರು. ಕಾರ್ನಿಯಾ ತೆಳುವಾಗಿ ಉಬ್ಬುವ ಕಾಯಿಲೆಯಿದ್ದ ಭಾರತ ಮತ್ತು ಇರಾನಿನ 20 ಮಂದಿಗೆ ಅದನ್ನು ಅಳವಡಿಸಲಾಯಿತು. ಅವರಲ್ಲಿ 14 ಮಂದಿ ಅಂಧರಾಗಿದ್ದರು. ಎರಡು ವರ್ಷಗಳ ಬಳಿಕ ಯಾರೂ ಅಂಧರಾಗಿರಲಿಲ್ಲ ಎನ್ನುತ್ತದೆ 2022ರ ವರದಿ.

ಆದರೆ ಇದು ಸಣ್ಣ ಪ್ರಯೋಗ. ಕಾರ್ನಿಯಾದ ಒಳಪದರ ಹಾಳಾದವರಿಗೆ ಇದು ಸಾಲದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳು ನಾಲ್ವರಿಗೆ ನೆರವಾದವು. ಅಂಥ ದಾನ ಈಗಲೂ ಬೇಕು. ಸಾವಿನ ನಂತರ ಸುಮಾರು 6 ಗಂಟೆಯೊಳಗೆ ಕಣ್ಣು ಪಡೆಯಬೇಕಾದ್ದರಿಂದ, ನೇತ್ರ ಬ್ಯಾಂಕಿಗೆ ಕೂಡಲೇ ತಿಳಿಸಿ.