ತಾಂಗ್ ಶಿಯಾನ್‌ಜು: ಬಿನ್ನವತ್ತಳೆಯಿಂದ ರಂಗಭೂಮಿಗೆ

ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಲಿನ್‌ಚುವಾನ್‌ನಲ್ಲಿ 1550ರಲ್ಲಿ ಹುಟ್ಟಿದ ತಾಂಗ್ ಶಿಯಾನ್‌ಜು 1570ರಲ್ಲೇ ಪ್ರಾಂತೀಯ ಪರೀಕ್ಷೆಯಲ್ಲಿ ತೇರ್ಗಡೆಯಾದರೂ, ಉನ್ನತ ಹುದ್ದೆಗಳಿಗೆ ಅರ್ಹತೆ ಕೊಡುವ ‘ಜಿನ್‌ಶಿ’ ಎಂಬ ಪರಮೋಚ್ಚ ಪದವಿ ಅವನಿಗೆ ದಕ್ಕಿದ್ದು 1583ರಲ್ಲಿ. ಮಹಾಮಾತ್ಯ ಜಾಂಗ್ ಜುಜೆಂಗ್ ತನ್ನ ಮಕ್ಕಳ ಒಡನಾಟಕ್ಕೆ ಅವನನ್ನು ಕರೆದಾಗ ನಿರಾಕರಿಸಿದ್ದೇ ಈ ವಿಳಂಬಕ್ಕೆ ಕಾರಣವೆಂದು ಪರಂಪರೆ ಹೇಳುತ್ತದೆ. ಆ ಅಮಾತ್ಯ ಸತ್ತ ಮರುವರ್ಷವೇ ತಾಂಗ್ ಗೆದ್ದನೆಂಬುದನ್ನು ಗಮನಿಸಿದರೆ ಈ ಮಾತನ್ನು ತಳ್ಳಿಹಾಕುವುದು ಕಷ್ಟ.

ನಾನ್‌ಜಿಂಗ್‌ನಲ್ಲಿ ಯಜ್ಞಾಚರಣೆಗಳ ಇಲಾಖೆಯಲ್ಲಿದ್ದಾಗ, 1591ರಲ್ಲಿ, ಅವನು ವಾನ್ಲಿ ಚಕ್ರವರ್ತಿಗೆ ಒಂದು ಬಿನ್ನವತ್ತಳೆಯನ್ನು, ಅಂದರೆ ಅಧಿಕಾರಿಯೊಬ್ಬ ಅರಸನಿಗೆ ನೇರವಾಗಿ ಸಲ್ಲಿಸುವ ಲಿಖಿತ ನಿವೇದನೆಯನ್ನು, ಕಳುಹಿಸಿದನು. ಬರಪರಿಹಾರಕ್ಕೆ ಹೋದವನೇ ಲಂಚ ತಿಂದುದನ್ನೂ, ತಪ್ಪು ತೋರಿಸಬೇಕಾದ ಅಧಿಕಾರಿಗಳು ಮಹಾಮಾತ್ಯ ಶೆನ್ ಶಿಶಿಂಗ್‌ನ ಓಲೈಕೆಯಲ್ಲಿ ತೊಡಗಿದ್ದುದನ್ನೂ ಅದು ಬಯಲಿಗೆಳೆಯಿತು. ಅರಸ ಮುನಿದು, ದಕ್ಷಿಣದ ತುದಿಯಲ್ಲಿದ್ದ ಶುವೆನ್‌ಗೆ ಅವನನ್ನು ಕೆಳದರ್ಜೆಯ ಹುದ್ದೆಗೆ ಅಟ್ಟಿದನು. ಅಲ್ಲಿಯೂ ತಾಂಗ್ ಒಂದು ವಿದ್ಯಾಲಯವನ್ನು ಸ್ಥಾಪಿಸಿದನು. 1593ರಿಂದ ಐದು ವರ್ಷ ಜೆಜಿಯಾಂಗ್‌ನ ಬಡ ಗುಡ್ಡಗಾಡು ಜಿಲ್ಲೆ ಸುಯಿಚಾಂಗ್‌ಗೆ ಅವನು ದಂಡಾಧಿಕಾರಿಯಾಗಿದ್ದನು. ಹೊಸ ವರ್ಷದ ಹಬ್ಬಕ್ಕೆ ಸೆರೆಯಾಳುಗಳನ್ನು ಮನೆಗೆ ಕಳುಹಿಸಿದ ಅವನ ಔದಾರ್ಯವನ್ನು ಆ ನಾಡು ಇಂದಿಗೂ ನೆನೆಯುತ್ತದೆ. ಗಣಿ ತೆರಿಗೆಯ ಹೆಸರಿನಲ್ಲಿ ಅರಮನೆಯ ನಪುಂಸಕ ಅಧಿಕಾರಿಗಳು ನಾಡನ್ನು ಸುಲಿಯತೊಡಗಿದ್ದ ಕಾಲದಲ್ಲಿ, 1598ರಲ್ಲಿ, ಅವನು ಹುದ್ದೆ ತೊರೆದು ಊರಿಗೆ ಮರಳಿದನು.

ಅದೇ ವರ್ಷ ಮುಗಿದ ‘ಪಿಯೊನಿ ಮಂಟಪ’ ಐವತ್ತೈದು ದೃಶ್ಯಗಳ ಪ್ರೇಮನಾಟಕ. ಅವನ ಕೀರ್ತಿ ನಿಂತಿರುವುದು ಅದರ ಮೇಲೆ. ಆದರೆ ಅಧಿಕಾರದ ಒಳಗನ್ನು ಕಂಡವನ ವಿಡಂಬನೆ ಪೂರ್ಣವಾಗಿ ಹರಿದದ್ದು 1601ರ ‘ಹಾಂದಾನ್ ಕಥನ’ದಲ್ಲಿ. ತಾಂಗ್ ರಾಜವಂಶದ ಕಾಲದ ಹಳೆಯ ಕಥೆಯೊಂದನ್ನು ಆಧರಿಸಿದ ಈ ನಾಟಕದಲ್ಲಿ, ಬಡ ವಿದ್ಯಾವಂತ ಲು ಶೆಂಗ್ ಹಾಂದಾನ್‌ನ ಛತ್ರವೊಂದರಲ್ಲಿ, ಒಲೆಯ ಮೇಲೆ ನವಣೆ ಬೇಯುತ್ತಿರುವಾಗ, ಸಿದ್ಧಪುರುಷನೊಬ್ಬ ಕೊಟ್ಟ ದಿಂಬಿನ ಮೇಲೆ ತಲೆಯಿಟ್ಟು ಮಲಗುತ್ತಾನೆ. ಕನಸಿನಲ್ಲಿ ಅವನು ಹೆಂಡತಿಯ ಹಣದಿಂದ ಲಂಚ ಕೊಟ್ಟು ಪರೀಕ್ಷೆಯಲ್ಲಿ ಮೊದಲಿಗನಾಗುತ್ತಾನೆ. ಉಪ್ಪು ಮತ್ತು ವಿನೆಗರ್ ಸುರಿದು ಬಂಡೆ ಒಡೆಸಿ ಕಾಲುವೆ ತೋಡಿಸುತ್ತಾನೆ. ಅಸೂಯೆಯ ಮಂತ್ರಿಯ ಸಂಚಿಗೆ ಸಿಕ್ಕಿ ದಕ್ಷಿಣದ ಯಾಜೌಗೆ ಗಡೀಪಾರಾಗುತ್ತಾನೆ. ಯಾಜೌ ಇರುವ ಹೈನಾನ್ ದ್ವೀಪ ಶುವೆನ್‌ನಿಂದ ಒಂದು ಜಲಸಂಧಿಯಾಚೆಗಿದೆಯೆಂಬುದನ್ನು ಮರೆಯಬಾರದು. ಕೊನೆಗೆ ಮಹಾಮಂತ್ರಿಯಾದ ಲು ಶೆಂಗ್, ಭೋಗದಿಂದ ಜರ್ಝರಿತನಾಗಿ ಸಾಯುವ ಹೊತ್ತಿನಲ್ಲಿಯೂ ಕಿರಿಯ ಮಗನ ಪದವಿಗಾಗಿಯೂ ಇತಿಹಾಸದಲ್ಲಿ ತನ್ನ ಸಾಧನೆಗಳು ದಾಖಲಾಗಲೆಂದೂ ಹಂಬಲಿಸುತ್ತಾನೆ. ಎಚ್ಚರವಾದಾಗ ನವಣೆ ಇನ್ನೂ ಬೆಂದಿರುವುದಿಲ್ಲ.

ದುಷ್ಟನೊಬ್ಬನನ್ನು ಬೈದು ಕೈತೊಳೆದುಕೊಳ್ಳದೆ, ಸಾಧಾರಣ ಮನುಷ್ಯನನ್ನು ದರ್ಬಾರಿನ ವ್ಯವಸ್ಥೆಯೇ ಹೇಗೆ ಕೆಡಿಸುತ್ತದೆ ಎಂಬುದನ್ನು ಹಂತಹಂತವಾಗಿ ತೋರಿಸುವುದೇ ಈ ನಾಟಕದ ಶಕ್ತಿ. ತಾಂಗ್ 1616ರಲ್ಲಿ ತೀರಿಕೊಂಡನು. ಅವನ ಪ್ರೇಮನಾಟಕಕ್ಕೆ ಇಂದಿಗೂ ರಂಗದ ಮೇಲೆ ಹೆಚ್ಚಿನ ಮನ್ನಣೆಯಿದೆಯಾದರೂ, ಅಧಿಕಾರಿಯಾಗಿದ್ದ ತಾಂಗ್‌ನನ್ನು ಅರಿಯಬಯಸುವವರು ಮೊದಲು ಓದಬೇಕಾದುದು ‘ಹಾಂದಾನ್ ಕಥನ’ವನ್ನೇ.