ಮನೋಭಾವವೂ ದೇಹಾರೋಗ್ಯವೂ: 1784ರ ಪ್ಯಾರಿಸ್ ಪರೀಕ್ಷೆ

ಮನಸ್ಸಿನ ಸ್ಥಿತಿಗೂ ದೇಹದ ಸ್ವಾಸ್ಥ್ಯಕ್ಕೂ ನಿಕಟವಾದ ಸಂಬಂಧವಿದೆಯೆಂಬುದು ನಮ್ಮ ಜನಕ್ಕೆ ಹೊಸ ಮಾತಲ್ಲ. ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆಯೆಂಬ ಗಾದೆ ಮನೆಮನೆಯಲ್ಲಿಯೂ ಬಳಕೆಯಲ್ಲಿದೆ. ರೋಗವನ್ನು ಬೆಳೆಸುವ ಸಂಗತಿಗಳಲ್ಲಿ ವಿಷಾದವೇ ಅಗ್ರಗಣ್ಯವೆಂದು ಚರಕಸಂಹಿತೆಯು ಹೇಳುತ್ತದೆ; ಭಯದಿಂದ ಹುಟ್ಟುವ ಅತಿಸಾರವನ್ನೂ ಶೋಕದಿಂದ ಹುಟ್ಟುವ ಅತಿಸಾರವನ್ನೂ ಅದು ಪ್ರತ್ಯೇಕವಾಗಿ ಎಣಿಸುತ್ತದೆ. ಆದರೆ ಈ ಸಂಬಂಧವನ್ನು ಒಪ್ಪುವುದು ಬೇರೆ. ಕಣ್ಣಿಗೆ ಕಾಣದ ಶಕ್ತಿಯೊಂದನ್ನು ಅಂಗೈಯಿಂದ ಹರಿಸಿ ರೋಗವನ್ನು ಗುಣಪಡಿಸುತ್ತೇವೆಂಬ ಮಾತನ್ನು ನಂಬುವುದು ಬೇರೆ. ಎರಡನ್ನೂ ಒಂದೇ ಎಂದು ಭಾವಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಇವೆರಡನ್ನೂ ಕ್ರಮಬದ್ಧವಾದ ಪರೀಕ್ಷೆಯಿಂದ ಬೇರ್ಪಡಿಸಿ ತೋರಿಸಿದ ಘಟನೆಯೊಂದು ಕ್ರಿ.ಶ. 1784ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆಯಿತು. ಅದರ ವೃತ್ತಾಂತವು ಇಂದಿಗೂ ಮನನಯೋಗ್ಯವಾಗಿದೆ.

ಈ ವೃತ್ತಾಂತದ ನಾಯಕನು ಫ್ರಾಂಟ್ಸ್ ಆಂಟನ್ ಮೆಸ್ಮರ್ ಎಂಬ ವೈದ್ಯ. 1734ರಲ್ಲಿ ಜರ್ಮನ್ ಸೀಮೆಯ ಕಾನ್‌ಸ್ಟನ್ಸ್ ಸರೋವರದ ತೀರದಲ್ಲಿ ಹುಟ್ಟಿದ ಈತನು, ಗ್ರಹಗಳು ಮನುಷ್ಯದೇಹದ ಮೇಲೆ ಬೀರುವ ಪ್ರಭಾವವನ್ನು ಕುರಿತು ಪ್ರಬಂಧ ಬರೆದು 1766ರಲ್ಲಿ ವಿಯೆನ್ನಾದಲ್ಲಿ ವೈದ್ಯಪದವಿಯನ್ನು ಪಡೆದನು. 1774ರಲ್ಲಿ ರೋಗಿಯೊಬ್ಬಳ ಮೈಮೇಲೆ ಅಯಸ್ಕಾಂತಗಳನ್ನಿಟ್ಟು ಚಿಕಿತ್ಸೆ ಮಾಡಿದಾಗ ಅವಳಿಗೆ ಉಪಶಮನವಾಯಿತು. ಇದು ಅಯಸ್ಕಾಂತದ ಗುಣವಲ್ಲ, ತನ್ನ ದೇಹದಿಂದಲೇ ಹರಿಯುವ ಸೂಕ್ಷ್ಮದ್ರವವೊಂದರ ಮಹಿಮೆಯೆಂದು ಅವನು ಕ್ರಮೇಣ ನಿರ್ಧರಿಸಿದನು. ಆ ದ್ರವವು ವಿಶ್ವವನ್ನೆಲ್ಲ ವ್ಯಾಪಿಸಿದೆ, ದೇಹದಲ್ಲಿ ಅದರ ಹರಿವು ತಡೆದರೆ ರೋಗ, ಮತ್ತೆ ಹರಿದರೆ ಆರೋಗ್ಯ ಎಂಬುದೇ ಅವನ ಸಿದ್ಧಾಂತ. ಇದಕ್ಕೆ ಅವನಿಟ್ಟ ಹೆಸರನ್ನು ನಾವು ಜೀವಕಾಂತವೆಂದು ಕರೆಯಬಹುದು.

1778ರಲ್ಲಿ ಮೆಸ್ಮರನು ಪ್ಯಾರಿಸ್ಸಿಗೆ ಬಂದನು. ಅಲ್ಲಿ ಅವನ ಮನೆಯ ನಡುವೆ ದೊಡ್ಡದೊಂದು ಮರದ ತೊಟ್ಟಿ. ಅದರೊಳಗೆ ನೀರು ತುಂಬಿದ ಸೀಸೆಗಳು, ಕಬ್ಬಿಣದ ಪುಡಿ, ಗಾಜಿನ ಚೂರು. ಮುಚ್ಚಳದಿಂದ ಹೊರಚಾಚಿದ ಕಬ್ಬಿಣದ ಸಲಾಕೆಗಳನ್ನು ರೋಗಿಗಳು ನೋವಿರುವ ಅಂಗಕ್ಕೆ ಒತ್ತಿಕೊಂಡು ಸುತ್ತಲೂ ಕುಳಿತುಕೊಳ್ಳುತ್ತಿದ್ದರು. ಮಂದವಾದ ಬೆಳಕು, ಗಾಜಿನ ಬಟ್ಟಲುಗಳಿಂದ ನಾದ ಹೊರಡಿಸುವ ವಾದ್ಯದ ಸಂಗೀತ. ಮೆಸ್ಮರನು ಕೈ ಬೀಸುತ್ತ ನಡುವೆ ಸಂಚರಿಸಿದಂತೆ ಕೆಲವರು ನಗುವರು, ಕೆಲವರು ಅಳುವರು, ಕೆಲವರು ಸೆಳವು ಬಂದು ಬೀಳುವರು. ಆಮೇಲೆ ಹಲವರು ಹಗುರವಾದೆವೆಂದು ಮನೆಗೆ ಮರಳುವರು. ನಗರವೆಲ್ಲ ಅವನ ಬಾಗಿಲಿಗೆ ನೆರೆಯಿತು. ಗುಟ್ಟನ್ನು ಕಲಿಯಬಯಸಿದ ಶಿಷ್ಯರು ತಲಾ 100 ಚಿನ್ನದ ನಾಣ್ಯಗಳನ್ನು ತೆತ್ತರು.

ಇದರ ಸತ್ಯಾಸತ್ಯತೆಯನ್ನು ಪರಿಶೀಲಿಸಲು 16ನೆಯ ಲೂಯಿ ದೊರೆಯು 1784ರಲ್ಲಿ ಒಂದು ಸಮಿತಿಯನ್ನು ನೇಮಿಸಿದನು. ಒಂಬತ್ತು ಮಂದಿ ಸದಸ್ಯರಲ್ಲಿ ನಾಲ್ವರು ವೈದ್ಯರು, ಐವರು ವಿಜ್ಞಾನ ಅಕಾಡೆಮಿಯವರು. ರಸಾಯನಶಾಸ್ತ್ರದ ಲಾವೋಸಿಯೆ, ಖಗೋಳಶಾಸ್ತ್ರದ ಬೈಯಿ, ವೈದ್ಯನಾದ ಗಿಯೋಟಿನ್ ಇವರೆಲ್ಲ ಅದರಲ್ಲಿದ್ದರು. ಅಮೆರಿಕದ ರಾಯಭಾರಿಯಾಗಿದ್ದ 78 ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಸಮಿತಿಯ ಹಿರಿಯ. ಮೆಸ್ಮರನ ಕೋಣೆಯಲ್ಲಿ ನುಡಿಯುತ್ತಿದ್ದ ಗಾಜಿನ ವಾದ್ಯವನ್ನು ಈಗಿನ ರೂಪಕ್ಕೆ ತಂದವನೂ ಅವನೇ. ಮೆಸ್ಮರನು ಸಹಕರಿಸಲಿಲ್ಲವಾಗಿ ಅವನ ಶಿಷ್ಯ ದೆಸ್ಲೋನನೊಡನೆ ಪರೀಕ್ಷೆಗಳು ನಡೆದುವು.

ಫ್ರಾಂಕ್ಲಿನ್ನನ ಮನೆಯ ತೋಟದಲ್ಲಿ ದೆಸ್ಲೋನನು ಏಪ್ರಿಕಾಟ್ ಹಣ್ಣಿನ ಮರವೊಂದಕ್ಕೆ ಶಕ್ತಿಯನ್ನು ತುಂಬಿದನು. ಅವನೇ ಆರಿಸಿ ತಂದಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಬೇರೆ ಬೇರೆ ಮರಗಳ ಬಳಿಗೆ ಕರೆದೊಯ್ದರು. ಮೊದಲನೆಯ ಮರದ ಬಳಿ ಹುಡುಗನು ಬೆವತು ಕೆಮ್ಮಿದನು. ಎರಡನೆಯದರ ಬಳಿ ಅವನ ತಲೆ ತಿರುಗಿತು. ನಾಲ್ಕನೆಯದರ ಬಳಿ ಪ್ರಜ್ಞೆ ತಪ್ಪಿ ಬಿದ್ದನು. ಶಕ್ತಿ ತುಂಬಿದ ಮರವು ಅಲ್ಲಿಂದ ಸುಮಾರು 24 ಅಡಿ ದೂರದಲ್ಲಿತ್ತು; ಅದರ ಹತ್ತಿರಕ್ಕೆ ಅವನು ಹೋಗಿಯೇ ಇರಲಿಲ್ಲ. ಲಾವೋಸಿಯೆಯ ಮನೆಯಲ್ಲಿ ಮಹಿಳೆಯೊಬ್ಬಳಿಗೆ ಹಲವು ಬಟ್ಟಲುಗಳನ್ನು ಒಂದೊಂದಾಗಿ ಮುಂದಿಟ್ಟರು. ಶಕ್ತಿ ತುಂಬದ ನಾಲ್ಕನೆಯ ಬಟ್ಟಲಿಗೆ ಅವಳಿಗೆ ಸೆಳವು ಬಂದಿತು. ಬಳಿಕ ನೀರು ಕೇಳಿದಾಗ ಶಕ್ತಿ ತುಂಬಿದ ಬಟ್ಟಲಿನಲ್ಲಿಯೇ ನೀರು ಕೊಟ್ಟರು. ಅವಳು ಶಾಂತವಾಗಿ ಕುಡಿದಳು!

ಆ ವರ್ಷದ ಆಗಸ್ಟ್ ತಿಂಗಳಲ್ಲಿ ಸಮಿತಿಯು ವರದಿಯನ್ನೊಪ್ಪಿಸಿತು. ಜೀವಕಾಂತವಿಲ್ಲದೆ ಕಲ್ಪನೆಯೊಂದೇ ಸೆಳವನ್ನು ತರಬಲ್ಲದು, ಕಲ್ಪನೆಯಿಲ್ಲದೆ ಜೀವಕಾಂತವು ಏನನ್ನೂ ಮಾಡಲಾರದು ಎಂಬುದು ಅದರ ಸಾರ. ಇಲ್ಲಿ ಓದುಗರು ಗಮನಿಸಬೇಕಾದ ಅಂಶವೊಂದಿದೆ. ಹುಡುಗನ ಬೆವರು ಸುಳ್ಳಲ್ಲ, ಮೂರ್ಛೆಯೂ ನಟನೆಯಲ್ಲ. ಅವಕ್ಕೆ ಹೇಳಿದ ಕಾರಣ ಮಾತ್ರ ಸುಳ್ಳು. ಹಾಗಾದರೆ ಬರಿಯ ನಂಬಿಕೆಯು ದೇಹವನ್ನು ಹೀಗೆ ಅಲುಗಾಡಿಸುವುದು ಹೇಗೆ? ಸಮಿತಿಯು ಈ ಪ್ರಶ್ನೆಯನ್ನು ಬೆನ್ನಟ್ಟಲಿಲ್ಲ. ಕಲ್ಪನೆಯಿಂದಲೇ ಗುಣವಾಗುವುದಾದರೆ ಆ ಕಲ್ಪನೆಯನ್ನೇ ಔಷಧವಾಗಿ ಏಕೆ ಬಳಸಬಾರದೆಂದು ದೆಸ್ಲೋನನು ಹಿಂದೆಯೇ ಕೇಳಿದ್ದನು. ಸೋತವನ ಪ್ರಶ್ನೆಯಾದರೂ ಅದು ತಳ್ಳಿಹಾಕತಕ್ಕದ್ದಾಗಿರಲಿಲ್ಲ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಇಂಗ್ಲೆಂಡಿನ ಬಾತ್ ನಗರದ ಡಾಕ್ಟರ್ ಜಾನ್ ಹೇಗಾರ್ತ್ ಮುಖ್ಯನು. ಅಮೆರಿಕದ ಪರ್ಕಿನ್ಸ್ ಎಂಬವನು ಲೋಹದ ಎರಡು ಕಡ್ಡಿಗಳಿಂದ ಮೈ ನೀವಿದರೆ ನೋವು ಹರಿದುಹೋಗುವುದೆಂದು ಸಾರಿ, 1796ರಲ್ಲಿ ಅದಕ್ಕೆ ಸರಕಾರದ ಹಕ್ಕುಪತ್ರವನ್ನೂ ಪಡೆದಿದ್ದನು. ಹೇಗಾರ್ತನು 1799ರಲ್ಲಿ ಅದೇ ಆಕಾರದ ಮರದ ಕಡ್ಡಿಗಳನ್ನು ಮಾಡಿಸಿ ಐವರು ರೋಗಿಗಳಿಗೆ ಪ್ರಯೋಗಿಸಿದನು, ನಾಲ್ವರಿಗೆ ಉಪಶಮನವಾಯಿತು. ನಮ್ಮ ದೇಶದಲ್ಲಿಯೂ ಇಂತಹ ಪ್ರಯೋಗ ನಡೆಯಿತು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಶಸ್ತ್ರವೈದ್ಯನು ಮೆಸ್ಮರನ ಪದ್ಧತಿಯಂತೆ ಕೈ ನೀವಿ ರೋಗಿಗಳನ್ನು ನಿದ್ರೆಯಂತಹ ಸ್ಥಿತಿಗೆ ತಂದು, ದೊಡ್ಡ ಗೆಡ್ಡೆಗಳನ್ನು ಕೊಯ್ದು ತೆಗೆದನು. ಮರುವರ್ಷ ಈಥರ್ ಬಂದಿತು, 1847ರಲ್ಲಿ ಕ್ಲೋರೋಫಾರ್ಮ್ ಬಂದಿತು. ಈ ನಿದ್ರಾಪದ್ಧತಿಯು ಶಸ್ತ್ರಚಿಕಿತ್ಸೆಯಿಂದ ಹಿಂದೆ ಸರಿಯಿತು.

ಭಾವನೆಯು ದೇಹವನ್ನು ಮುಟ್ಟುವ ದಾರಿ ತಿಳಿದುಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಭಯದಿಂದಲೂ ಕೋಪದಿಂದಲೂ ಅಡ್ರಿನಲಿನ್ ರಸವು ರಕ್ತಕ್ಕೆ ಸೇರಿ ಹೃದಯದ ಬಡಿತವನ್ನು ಹೆಚ್ಚಿಸಿ ಜೀರ್ಣಕ್ರಿಯೆಯನ್ನು ತಡೆಯುವುದೆಂದು ವಾಲ್ಟರ್ ಕ್ಯಾನನ್ 1915ರ ತನ್ನ ಗ್ರಂಥದಲ್ಲಿ ವಿವರಿಸಿದನು. ತೀವ್ರವಾದ ದುಃಖದಿಂದ ಹೃದಯದ ಸ್ನಾಯುವೇ ತಾತ್ಕಾಲಿಕವಾಗಿ ಸೊರಗುವ ರೋಗವೊಂದನ್ನು 1990ರಲ್ಲಿ ಜಪಾನಿನ ವೈದ್ಯರು ಗುರುತಿಸಿದರು. ಇನ್ನು ನಂಬಿಕೆಯಿಂದ ನೋವು ತಗ್ಗುವ ಬಗೆ: ಹಲ್ಲು ಕೀಳಿಸಿಕೊಂಡವರಲ್ಲಿ ಹುಸಿಮದ್ದಿನಿಂದ ಆಗುವ ಉಪಶಮನವನ್ನು ನಲೋಕ್ಸೋನ್ ಎಂಬ ಔಷಧವು ತಡೆಯುವುದೆಂದು 1978ರಲ್ಲಿ ಕಂಡುಬಂದಿತು. ಈ ಔಷಧವು ಅಫೀಮಿನ ಪರಿಣಾಮವನ್ನು ಅಡಗಿಸತಕ್ಕದ್ದು. ಆದುದರಿಂದ ನಂಬಿಕೆ ಹುಟ್ಟಿದಾಗ ದೇಹವೇ ಅಫೀಮಿನಂತಹ ನೋವುನಿವಾರಕವನ್ನು ಸ್ರವಿಸುವುದೆಂದು ಊಹಿಸಲು ಬಲವಾದ ಆಧಾರ ದೊರೆಯಿತು.

ಕಾಣದ ಶಕ್ತಿಯ ಮಾತಿಗೆ ಮಾತ್ರ ಇಂತಹ ಆಧಾರ ದೊರೆಯಲಿಲ್ಲ. ರೋಗಿಯ ಮೈಯಿಂದ ಹೊಮ್ಮುವ ಶಕ್ತಿಯನ್ನು ಅಂಗೈಗೆ ಅರಿತುಕೊಳ್ಳುತ್ತೇವೆಂದು ಹೇಳುತ್ತಿದ್ದ 21 ಮಂದಿ ಚಿಕಿತ್ಸಕರನ್ನು ಅಮೆರಿಕದ ಎಮಿಲಿ ರೋಸಾ ಎಂಬ ಬಾಲಕಿಯು ಪರೀಕ್ಷಿಸಿದಳು. ಅಡ್ಡಪರದೆಯ ಆಚೆ ತನ್ನ ಕೈ ಅವರ ಎಡಗೈಯ ಬಳಿಯಿದೆಯೋ ಬಲಗೈಯ ಬಳಿಯಿದೆಯೋ ಹೇಳಿರೆಂದಳು. 280 ಸಲದಲ್ಲಿ 123 ಸಲ ಮಾತ್ರ ಅವರು ಸರಿಯಾಗಿ ಹೇಳಿದರು. ಕಣ್ಣುಮುಚ್ಚಿ ಊಹಿಸಿದ್ದರೂ ಅರ್ಧದಷ್ಟು ಸರಿಯಾಗಬೇಕಾಗಿತ್ತು. 1998ರಲ್ಲಿ ಇದು ವೈದ್ಯಪತ್ರಿಕೆಯಲ್ಲಿ ಅಚ್ಚಾದಾಗ ಅವಳಿಗೆ ಹನ್ನೊಂದು ವರ್ಷ.

ಉಪಶಮನ ನಿಜವಾಗಿರುವಾಗ ಕಾರಣ ಸುಳ್ಳಾದರೇನು ಎಂದು ಕೇಳುವವರುಂಟು. ಅದಕ್ಕೆ 2011ರಲ್ಲಿ ಪ್ರಕಟವಾದ ಉಬ್ಬಸರೋಗಿಗಳ ಪರೀಕ್ಷೆಯೇ ಉತ್ತರ. ನಿಜವಾದ ಔಷಧ ಸೇದಿದವರೂ ಹುಸಿಮದ್ದು ಸೇದಿದವರೂ ಹೆಚ್ಚುಕಡಮೆ ಸಮವಾಗಿಯೇ ಹಗುರವಾಯಿತೆಂದು ಹೇಳಿದರು. ಆದರೆ ಉಸಿರಿನ ಬಲವನ್ನು ಯಂತ್ರದಿಂದ ಅಳೆದಾಗ ನಿಜವಾದ ಔಷಧದಿಂದ ಸುಮಾರು 20 ಶೇಕಡಾ ಸುಧಾರಣೆ ಕಂಡಿತು. ಹುಸಿಮದ್ದಿನಿಂದ ಕಂಡದ್ದು ಸುಮಾರು 7 ಶೇಕಡಾ, ಏನನ್ನೂ ಕೊಡದವರಲ್ಲಿಯೂ ಅಷ್ಟೆ. ರೋಗಿಯು ಗುಣವಾಯಿತೆಂದು ನೆಮ್ಮದಿಯಿಂದ ಇರುವಾಗಲೇ ಶ್ವಾಸನಾಳವು ಬಿಗಿದಿರುತ್ತದೆ. ಕ್ಷಯವಾಗಲಿ ಸಿಹಿಮೂತ್ರವಾಗಲಿ ಮನೆಯಲ್ಲಿ ಯಾರಿಗಾದರೂ ಇದ್ದಾಗ, ಕೈ ನೀವಿಸಿಕೊಂಡ ನೆಮ್ಮದಿಗೆ ಮರುಳಾಗಿ ಮದ್ದನ್ನು ಬಿಡುವುದು ಪ್ರಾಣಕ್ಕೇ ಸಂಚಕಾರ.

ಹಾಗೆಂದು ಮನಸ್ಸಿನ ಪಾಲನ್ನು ವೈದ್ಯರು ಕಡೆಗಣಿಸತಕ್ಕದ್ದಲ್ಲ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕರುಳಿನ ಬೇನೆಯವರಿಗೆ ಹುಸಿಚಿಕಿತ್ಸೆಯೊಂದನ್ನೇ ಹೆಚ್ಚು ಮಾತಿಲ್ಲದೆ ಕೊಟ್ಟಾಗ ನೂರಕ್ಕೆ 44 ಮಂದಿಗೂ, ಆದರದಿಂದ ವಿಚಾರಿಸಿ ಧೈರ್ಯ ಹೇಳಿ ಕೊಟ್ಟಾಗ 62 ಮಂದಿಗೂ ಸಾಕಷ್ಟು ಉಪಶಮನ ದೊರೆಯಿತು. ಏನೂ ಪಡೆಯದೆ ಕಾದವರಲ್ಲಿ 28 ಮಂದಿಗೆ ಮಾತ್ರ. ಅಂದರೆ ಆದರದ ಮಾತು ಔಷಧದ ಸ್ಥಾನವನ್ನು ತುಂಬಲಾರದಾದರೂ ಔಷಧದ ಜತೆಗಾರನಾಗಬಲ್ಲದು.

ಗಡಿನಾಡಿನ ಕನ್ನಡಿಗರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಆಸ್ಪತ್ರೆಯಲ್ಲಿ ತನ್ನ ನೋವನ್ನು ಬಾರದ ಭಾಷೆಯಲ್ಲಿ ತಡವರಿಸಿ ಹೇಳಬೇಕಾದ ಮುದುಕಿಯ ಭಯವು ಅವಳ ರೋಗದ ಮೇಲೊಂದು ಹೊರೆ. ಅವಳೊಡನೆ ಹೋಗಿ, ಅವಳ ಮಾತನ್ನು ವೈದ್ಯರಿಗೂ ವೈದ್ಯರ ಮಾತನ್ನು ಅವಳಿಗೂ ಕನ್ನಡದಲ್ಲಿ ತಿಳಿಯಹೇಳುವ ವಿದ್ಯಾವಂತ ತರುಣನು ಆ ಹೊರೆಯನ್ನು ಇಳಿಸಬಲ್ಲನು. ಅದಕ್ಕೆ ತೊಟ್ಟಿಯೂ ಬೇಡ, ಸಲಾಕೆಯೂ ಬೇಡ. ನಮ್ಮ ಸಂಘಗಳು ಇಂತಹ ಸೇವೆಗೆ ತರುಣರನ್ನು ಅಣಿಗೊಳಿಸಲಿ. ವೈದ್ಯರು ಬರೆದುಕೊಟ್ಟ ಮದ್ದನ್ನು ರೋಗಿಯು ತಪ್ಪದೆ ಸೇವಿಸುವಂತೆ ಆ ತರುಣರೇ ನೋಡಿಕೊಳ್ಳಲಿ.